ಐದು ಹನಿಯೊಳಗಿನ ತಳಿ: ರೋಟಾವ್ಯಾಕ್ ಲಸಿಕೆಯ ವಿಮರ್ಶೆ

ಆರು ವಾರದ ಕೂಸಿನ ಬಾಯಿಗೆ ಐದು ಹನಿ, ಅಳತೆಯಲ್ಲಿ ಅರ್ಧ ಮಿಲಿ. ರೋಟಾವೈರಸ್ ಎಂಬ ವೈರಸ್ ಎಳೆ ಮಕ್ಕಳಲ್ಲಿ ತರುವ ತೀವ್ರ ಭೇದಿಯನ್ನು ತಡೆಯುವ ರೋಟಾವ್ಯಾಕ್‌ನ ಒಂದು ಡೋಸ್ ಎಂದರೆ ಇಷ್ಟೇ. ಅದನ್ನೇ ಹತ್ತನೇ ವಾರ ಮತ್ತು ಹದಿನಾಲ್ಕನೇ ವಾರ ಮತ್ತೆ ಹಾಕಿಸಬೇಕು. ಪ್ರತಿ ಡೋಸ್‌ನಲ್ಲೂ ಸೋಂಕು ಹತ್ತಿಸಬಲ್ಲ ಜೀವಂತ ವೈರಸ್ ಕನಿಷ್ಠ 1 ಲಕ್ಷ ಘಟಕದಷ್ಟು ಇರಬೇಕೆಂಬುದು ನಿಯಮ. ಹೈದರಾಬಾದಿನ ಭಾರತ್ ಬಯೋಟೆಕ್ ಇದನ್ನು ತಯಾರಿಸುತ್ತದೆ. 2014ರ ಜನವರಿಯಲ್ಲಿ ಪರವಾನಗಿ ಸಿಕ್ಕಿತು. 2016ರಲ್ಲಿ ಹಿಮಾಚಲ ಪ್ರದೇಶ, ಹರಿಯಾಣ, ಒಡಿಶಾ, ಆಂಧ್ರಪ್ರದೇಶಗಳ ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು. 2018ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವ ಅರ್ಹತೆಯೂ ದಕ್ಕಿತು.

ರೋಟಾವೈರಸ್ ಲಸಿಕೆಗಳನ್ನು ಹೋಲಿಸುವಾಗ ಬಹುತೇಕರು ಮೊದಲು ಕೇಳುವುದು, "ಇದರಲ್ಲಿ ಎಷ್ಟು ತಳಿ ಸೇರಿಸಿದ್ದಾರೆ?" ಎಂದು. ಒಂದರಲ್ಲಿ ಐದು, ಇನ್ನೊಂದರಲ್ಲಿ ಒಂದೇ ಎಂದಾಗ ಐದಿರುವುದೇ ಮೇಲು ಅನ್ನಿಸುವುದು ಸಹಜ. ಈ ಲಸಿಕೆಗಳ ಮಟ್ಟಿಗೆ ಆ ಎಣಿಕೆ ದಾರಿ ತಪ್ಪಿಸುತ್ತದೆ. ತಳಿ ಎಲ್ಲಿಂದ ಬಂತು, ಅದು ಮಗುವಿನ ಕರುಳಲ್ಲಿ ನೆಲೆಯೂರುತ್ತದೆಯೇ, ಊರಿದರೂ ಕಾಯಿಲೆ ತರದೆ ಇರುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಸಿಕ್ಕ ಉತ್ತರವೇ ಲಸಿಕೆಯ ಯೋಗ್ಯತೆ. ರೋಟಾವ್ಯಾಕ್‌ನಲ್ಲಿರುವ 116ಇ ತಳಿಯನ್ನು ಈ ಮೂರರ ಮೇಲೆ ತೂಗಿ ನೋಡಿದ್ದೇವೆ.

ಮೊದಲು ಹೆಸರಿಡುವ ಕ್ರಮ. ರೋಟಾವೈರಸ್ ಮೂರು ಪದರದ ಉಂಡೆ. ಒಳಗೆ ಹನ್ನೊಂದು ತುಂಡು ಆರ್‌ಎನ್‌ಎ. ಹೊರಪದರದಲ್ಲಿ ಎರಡು ಪ್ರೋಟೀನು: ಮೈಯೆಲ್ಲ ಹೊದ್ದಿರುವ ವಿಪಿ7, ಮುಳ್ಳಿನಂತೆ ಚಾಚಿಕೊಂಡಿರುವ ವಿಪಿ4. ವಿಪಿ7ರ ಬಗೆಯನ್ನು 'ಜಿ' ಸಂಖ್ಯೆಯಿಂದಲೂ ವಿಪಿ4ರ ಬಗೆಯನ್ನು 'ಪಿ' ಸಂಖ್ಯೆಯಿಂದಲೂ ಗುರುತಿಸುತ್ತಾರೆ. ಪ್ರಪಂಚದಲ್ಲಿ ಬಹುಕಾಲ ಹೆಚ್ಚು ಹರಡಿದ್ದುದು ಜಿ1ಪಿ[8]. ಜಿ2ಪಿ[4], ಜಿ3ಪಿ[8], ಜಿ9ಪಿ[8], ಜಿ12ಪಿ[6] ಮುಂತಾದವು ಆಯಾ ಊರು, ಆಯಾ ವರ್ಷಕ್ಕೆ ತಕ್ಕಂತೆ ಏರಿಳಿಯುತ್ತವೆ. 116ಇ ಜಿ9ಪಿ[11] ಬಗೆಯದು. ಇದರಲ್ಲಿ ಹತ್ತು ತುಂಡು ಮನುಷ್ಯರ ರೋಟಾವೈರಸ್‌ನದು, ವಿಪಿ4ರ ಒಂದೇ ತುಂಡು ದನದ ರೋಟಾವೈರಸ್‌ನದು. ಯಾವ ಪ್ರಯೋಗಾಲಯವೂ ಮಾಡಿದ ಬೆರಕೆ ಇದಲ್ಲ, ಪ್ರಕೃತಿಯಲ್ಲೇ ಆದದ್ದು.

ತಳಿ ಆರಿಸುವವರ ಮುಂದೆ ಇದ್ದ ದಾರಿಗಳಲ್ಲಿ ಅತಿ ಹಳೆಯದು ದನದ ವೈರಸ್ಸನ್ನೇ ಕೊಡುವುದು. ಸಿಡುಬಿಗೆ ಹಸುವಿನ ಸಿಡುಬು ಕೊಟ್ಟ ತರ್ಕವೇ ಇಲ್ಲಿಯದೂ. ಕರುವಿನಿಂದ ಬಂದ ಆರ್‌ಐಟಿ 4237 ಎಂಬ ಜಿ6ಪಿ[1] ತಳಿ 1980ರ ದಶಕದ ಆರಂಭದಲ್ಲಿ ಫಿನ್‌ಲ್ಯಾಂಡಿನ ಮಕ್ಕಳಲ್ಲಿ ಚೆನ್ನಾಗಿ ಕೆಲಸ ಮಾಡಿತು. ಅದನ್ನೇ ಆಫ್ರಿಕಕ್ಕೆ ಒಯ್ದಾಗ ಸೋತಿತು. ಪೆನ್ಸಿಲ್ವೇನಿಯದ ಕರುವಿನಿಂದ 1981ರಲ್ಲಿ ಬೇರ್ಪಡಿಸಿದ ಡಬ್ಲ್ಯುಸಿ3 ತಳಿಯದೂ ಅದೇ ಪಾಡು: ಫಿಲಡೆಲ್ಫಿಯದಲ್ಲಿ ಫಲ ಕೊಟ್ಟಿತು, ಮಧ್ಯ ಆಫ್ರಿಕ ಗಣರಾಜ್ಯದಲ್ಲಿ ಕೊಡಲಿಲ್ಲ. ದನದ ವೈರಸ್ ಮಗುವಿನ ಕರುಳಲ್ಲಿ ಸುರಕ್ಷಿತ, ಆದರೆ ಅಲ್ಲಿ ಅಷ್ಟಾಗಿ ಬೆಳೆಯುವುದಿಲ್ಲ. ಬೆಳೆಯದ ವೈರಸ್ಸನ್ನು ದೇಹ ಗಮನಿಸುವುದೂ ಅಷ್ಟಕ್ಕಷ್ಟೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಕಸಿ ತಳಿ. ದನದ ವೈರಸ್ ಮತ್ತು ಮನುಷ್ಯರ ವೈರಸ್ ಎರಡನ್ನೂ ಒಂದೇ ಜೀವಕೋಶಕ್ಕೆ ಹತ್ತಿಸಿದರೆ ಹನ್ನೊಂದು ತುಂಡುಗಳು ಕಲಸಿ, ಹೊಸ ಜೋಡಣೆಯ ಮರಿಗಳು ಹುಟ್ಟುತ್ತವೆ. ಅವುಗಳಲ್ಲಿ ಬೇಕಾದದ್ದು ಮನುಷ್ಯರ ವಿಪಿ7 ಹೊದ್ದುಕೊಂಡು ಮಿಕ್ಕೆಲ್ಲ ದನದ್ದೇ ಆಗಿರುವ ಮರಿ. ದನದ ವಿಪಿ7 ಇರುವುದನ್ನೆಲ್ಲ ಅದರ ವಿರುದ್ಧದ ಪ್ರತಿಕಾಯ ಸುರಿದು ಅಡಗಿಸುತ್ತಾರೆ. ಶುದ್ಧ ಮಾನವ ತಳಿಯ ಮರಿಗಳು ಕೋಶಗಳಲ್ಲಿ ನಿಧಾನವಾಗಿ ಬೆಳೆಯುವುದರಿಂದ ತಾವೇ ಹಿಂದೆ ಬೀಳುತ್ತವೆ. ಉಳಿದವುಗಳಲ್ಲಿ ಒಂದೊಂದು ಪ್ಲೇಕನ್ನು, ಅಂದರೆ ಕೋಶಗಳ ಹಾಸಿನಲ್ಲಿ ವೈರಸ್ ಕೊರೆದ ಒಂದೊಂದು ತೂತನ್ನು, ಹೆಕ್ಕಿ ಬೆಳೆಸಿ ತುಂಡುಗಳ ಗುರುತು ಹಿಡಿಯುತ್ತಾರೆ. ಮರ್ಕ್ ಕಂಪನಿಯ ರೋಟಾಟೆಕ್‌ನಲ್ಲಿ ಡಬ್ಲ್ಯುಸಿ3 ಮೇಲೆ ಕಸಿ ಮಾಡಿದ ಐದು ತಳಿಗಳಿವೆ: ಜಿ1, ಜಿ2, ಜಿ3, ಜಿ4 ಮತ್ತು ಪಿ[8]. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ರೋಟಾಸಿಲ್‌ನಲ್ಲಿ 'ಯುಕೆ' ಎಂಬ ದನದ ತಳಿಯ ಮೇಲೆ ಜಿ1, ಜಿ2, ಜಿ3, ಜಿ4, ಜಿ9 ಕಸಿಗಳಿವೆ. ಪೆಟ್ಟಿಗೆಯ ಮೇಲಿನ 'ಐದು' ಬಂದದ್ದು ಹೀಗೆ. ಐದು ಬೇರೆ ಬೇರೆ ವೈರಸ್‌ಗಳೆಂದು ತಿಳಿಯಬೇಡಿ. ಒಂದೇ ದನದ ವೈರಸ್ಸಿಗೆ ಐದು ಅಂಗಿ.

ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಆಲ್ಬರ್ಟ್ ಕಪಿಕಿಯನ್ ಅವರ ತಂಡ ದನದ ಬದಲು ರೀಸಸ್ ಕೋತಿಯ ತಳಿ ಹಿಡಿಯಿತು. ಅದರಿಂದ ಬಂದ ರೋಟಾಶೀಲ್ಡ್ 1998ರ ಆಗಸ್ಟ್‌ನಲ್ಲಿ ಪರವಾನಗಿ ಪಡೆದು 1999ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಯಿಂದ ಹೊರಬಿತ್ತು. ಕಾರಣ ಇಂಟಸಸೆಪ್ಷನ್: ದೂರದರ್ಶಕದ ಕೊಳವೆ ಮಡಚಿಕೊಳ್ಳುವಂತೆ ಕರುಳಿನ ಒಂದು ಭಾಗ ಇನ್ನೊಂದರೊಳಗೆ ನುಗ್ಗಿ ಸಿಕ್ಕಿಕೊಳ್ಳುವುದು. ಸುಮಾರು 10,000 ಮಕ್ಕಳಿಗೆ ಒಬ್ಬರಲ್ಲಿ ಈ ಅಪಾಯವಿತ್ತೆಂಬ ಅಂದಾಜಿಗೆ ಆಮೇಲೆ ಬಂದರು. ಮುಂದೆ ಬಂದ ರೋಟಾಟೆಕ್ ಮತ್ತು ಗ್ಲ್ಯಾಕ್ಸೊ ಕಂಪನಿಯ ರೋಟಾರಿಕ್ಸ್ ಎರಡೂ ಹತ್ತಾರು ಸಾವಿರ ಮಕ್ಕಳಲ್ಲಿ ಸುರಕ್ಷತೆ ತೋರಿಸಿಯೇ ಬರಬೇಕಾದದ್ದು ಇದರಿಂದಾಗಿ. ರೋಟಾರಿಕ್ಸ್‌ನ ಪ್ರಯೋಗದಲ್ಲಿ 63,225 ಮಕ್ಕಳಿದ್ದರು, ರೋಟಾಟೆಕ್‌ನದರಲ್ಲಿ ಸುಮಾರು 70,000.

ಇನ್ನೊಂದು ದಾರಿ ಮನುಷ್ಯರ ವೈರಸ್ಸನ್ನೇ ಪಳಗಿಸುವುದು. ಸಿನ್ಸಿನಾಟಿಯಲ್ಲಿ ಭೇದಿ ಹತ್ತಿದ ಮಗುವಿನಿಂದ ತೆಗೆದ 89-12 ಎಂಬ ಜಿ1ಪಿ[8] ತಳಿಯನ್ನು ಕೋತಿಯ ಮೂತ್ರಪಿಂಡದ ಕೋಶಗಳಲ್ಲಿ 33 ಬಾರಿ ದಾಟಿಸಿದರು. ಒಂದು ಕುಡಿಕೆಯಲ್ಲಿ ಬೆಳೆದದ್ದನ್ನು ಮುಂದಿನ ಕುಡಿಕೆಗೆ, ಅಲ್ಲಿಂದ ಅದರ ಮುಂದಿನದಕ್ಕೆ. ಹೀಗೆ ಕೋಶದ ಬದುಕಿಗೆ ಒಗ್ಗುತ್ತ ಒಗ್ಗುತ್ತ ವೈರಸ್ ಕರುಳನ್ನು ಕೆಡಿಸುವ ಶಕ್ತಿ ಕಳೆದುಕೊಳ್ಳುತ್ತದೆ. ಅದರಿಂದ ಒಂದೇ ಕುಡಿ ಹೆಕ್ಕಿ ಗ್ಲ್ಯಾಕ್ಸೊದವರು ರೋಟಾರಿಕ್ಸ್ ಮಾಡಿದರು. ಎಷ್ಟು ಬಾರಿ ದಾಟಿಸಬೇಕು ಎಂಬುದಕ್ಕೆ ಸೂತ್ರವಿಲ್ಲ. ಕಡಿಮೆಯಾದರೆ ಮಗುವಿಗೆ ಜ್ವರ, ಭೇದಿ. ಹೆಚ್ಚಾದರೆ ಲಸಿಕೆ ಹತ್ತುವುದೇ ಇಲ್ಲ. ಎಲ್ಲಿ ನಿಲ್ಲಿಸಬೇಕೆಂದು ಆರ್‌ಎನ್‌ಎ ಓದಿ ಹೇಳಬಲ್ಲ ಖಚಿತ ಗುರುತೂ ಇಲ್ಲದ್ದರಿಂದ ಮಕ್ಕಳಲ್ಲಿ ಎಚ್ಚರದಿಂದ ಪ್ರಯೋಗ ಮಾಡಿಯೇ ತಿಳಿಯಬೇಕು.

116ಇ ಬಂದದ್ದು ಈ ಯಾವ ದಾರಿಯಿಂದಲೂ ಅಲ್ಲ. ಅದರ ಮೂಲ ಹೆರಿಗೆ ವಾರ್ಡಿನ ಶಿಶುಗಳು. 1983ರಲ್ಲಿ ಮೆಲ್ಬರ್ನ್‌ನ ರೂತ್ ಬಿಷಪ್ ಅವರ ತಂಡ ಒಂದು ಮುಖ್ಯ ಸಂಗತಿ ವರದಿ ಮಾಡಿತು: ಹುಟ್ಟಿದ ಮೊದಲ ದಿನಗಳಲ್ಲಿ ರೋಟಾವೈರಸ್ ಹತ್ತಿಯೂ ಭೇದಿಯಾಗದ ಶಿಶುಗಳಿಗೆ ಮುಂದೆ ಸೋಂಕು ಬಂದರೂ ಕಾಯಿಲೆ ಜೋರಾಗುವುದು ಕಡಿಮೆ. 1973ರಲ್ಲಿ ಮಕ್ಕಳ ಕರುಳಿನ ಚೂರುಗಳಲ್ಲಿ ಈ ವೈರಸ್ಸನ್ನು ಮೊದಲು ಕಂಡವರೂ ಇವರೇ. ದೆಹಲಿಯ ಏಮ್ಸ್‌ನಲ್ಲಿ ಡಾ. ಎಂ. ಕೆ. ಭಾನ್ ಅವರ ತಂಡ 1980ರ ದಶಕದ ನಡುವೆ ಇಂಥದೇ ಶಿಶುಗಳನ್ನು ಗಮನಿಸಿ, ಅವರಿಂದ 116ಇ ತಳಿಯನ್ನು ಬೇರ್ಪಡಿಸಿತು. ಆ ಶಿಶುಗಳಿಗೂ ಮುಂದೆ ರೋಟಾವೈರಸ್ ಭೇದಿಯಿಂದ ರಕ್ಷಣೆ ಸಿಕ್ಕಿದ್ದು 1993ರಲ್ಲಿ ಪ್ರಕಟವಾಯಿತು. ಪಳಗಿಸುವ ಕೆಲಸವನ್ನು ಪ್ರಕೃತಿಯೇ ಮಾಡಿಟ್ಟಿದ್ದ ತಳಿ ಅದು.

ಕನ್ನಡಿಗರಿಗೆ ಹತ್ತಿರದ ಸಂಗತಿಯೊಂದು ಇಲ್ಲೇ ಇದೆ. ಅದೇ ಕಾಲದಲ್ಲಿ ಬೆಂಗಳೂರಿನ ಆಸ್ಪತ್ರೆಗಳ ನವಜಾತ ಶಿಶುಗಳಿಂದ ಇನ್ನೊಂದು ತಳಿ ಸಿಕ್ಕಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಕಡೆ, ಪ್ರೊ. ಸಿ. ದುರ್ಗಾ ರಾವ್ ಅವರ ತಂಡ ಅದನ್ನು ಬೇರ್ಪಡಿಸಿ ಐ321 ಎಂದು ಹೆಸರಿಟ್ಟಿತು. ಅದು ಜಿ10ಪಿ[11]. ಅದೂ ರೋಗಲಕ್ಷಣವಿಲ್ಲದ ಶಿಶುಗಳಿಂದಲೇ ಬಂದದ್ದು, ಅದೂ ದನ ಮತ್ತು ಮನುಷ್ಯ ತಳಿಗಳ ಸಹಜ ಬೆರಕೆ. ವಿಪಿ4 ಕೂಡ 116ಇಯಲ್ಲಿ ಇರುವ ಪಿ[11] ಬಗೆಯದೇ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಊಟಕ್ಕೆ ಕೂತ ಅಣ್ಣತಮ್ಮಂದಿರು. ಒಳಗೆ ಲೆಕ್ಕ ತಿರುಗುಮುರುಗು. ಐ321ರಲ್ಲಿ ಒಂಬತ್ತು ತುಂಡು ದನದ್ದು. ಮನುಷ್ಯರದು ಎರಡೇ, ವೈರಸ್ಸಿನ ಮೈಯಲ್ಲಿರದೆ ಕೋಶದೊಳಗೆ ಕೆಲಸ ಮಾಡುವ ಎನ್‌ಎಸ್‌ಪಿ1 ಮತ್ತು ಎನ್‌ಎಸ್‌ಪಿ3 ಪ್ರೋಟೀನುಗಳ ತುಂಡುಗಳು.

ಭಾರತ-ಅಮೆರಿಕ ಲಸಿಕಾ ಕಾರ್ಯಯೋಜನೆಯಡಿ ಎರಡೂ ತಳಿಗಳು ಒಟ್ಟಿಗೆ ಮುಂದೆ ಸಾಗಿದವು. 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಂಟು ವಾರದ 90 ಮಕ್ಕಳನ್ನು ಮೂರು ಗುಂಪು ಮಾಡಿ, ಒಂದಕ್ಕೆ 116ಇ, ಒಂದಕ್ಕೆ ಐ321, ಇನ್ನೊಂದಕ್ಕೆ ವೈರಸ್ ಇಲ್ಲದ ದ್ರವ ಕೊಟ್ಟರು. ಡೋಸ್ ಒಂದೇ, ಪ್ರಮಾಣವೂ 1 ಲಕ್ಷ ಘಟಕದಷ್ಟೇ. ರಕ್ತದಲ್ಲಿ ರೋಟಾವೈರಸ್ ವಿರುದ್ಧದ ಐಜಿಎ ಎಂಬ ಪ್ರತಿಕಾಯ ನಾಲ್ಕು ಪಟ್ಟು ಏರಿದ್ದು 116ಇ ಪಡೆದವರಲ್ಲಿ ನೂರಕ್ಕೆ 73 ಮಕ್ಕಳಿಗೆ, ಐ321 ಪಡೆದವರಲ್ಲಿ 39ಕ್ಕೆ, ಏನೂ ಪಡೆಯದವರಲ್ಲಿ 20ಕ್ಕೆ. ಆ 20 ಊರಲ್ಲಿ ಹರಿದಾಡುವ ವೈರಸ್ ತಾನಾಗಿ ತಗುಲಿದ್ದರ ಲೆಕ್ಕ. ಅಡ್ಡಪರಿಣಾಮದಲ್ಲಿ ಮೂರು ಗುಂಪಿಗೂ ವ್ಯತ್ಯಾಸವಿರಲಿಲ್ಲ. ಬೆಂಗಳೂರಿನ ತಳಿ ಅಲ್ಲಿಗೆ ಹಿಂದೆ ಸರಿಯಿತು.

ಈ ಚಿಕ್ಕ ಪ್ರಯೋಗವನ್ನು ನಾವು ಇಷ್ಟು ಮುಖ್ಯವೆಂದು ಹಿಡಿಯಲು ಕಾರಣವಿದೆ. ವಿಪಿ4ರ ತುದಿಯೇ ವೈರಸ್ ಕರುಳಿನ ಗೋಡೆಗೆ ಅಂಟಿಕೊಳ್ಳುವ ಕೈ. ಪಿ[8], ಪಿ[4] ಬಗೆಗಳು ರಕ್ತಗುಂಪಿನ ಸಕ್ಕರೆ ಸರಪಳಿಗಳನ್ನು ಹಿಡಿಯುತ್ತವೆ. ಆ ಸಕ್ಕರೆ ಕರುಳಲ್ಲಿ ಇಲ್ಲದ ಮಕ್ಕಳಿಗೆ ಅವು ಅಷ್ಟು ಸುಲಭವಾಗಿ ಹತ್ತುವುದಿಲ್ಲ. ಪಿ[11] ಹಿಡಿಯುವುದು ಆ ಸರಪಳಿ ಪೂರ್ತಿಯಾಗುವ ಮೊದಲಿನ ರೂಪವನ್ನು, ಎಳೆ ಶಿಶುವಿನ ಕರುಳಲ್ಲಿ ಹೆಚ್ಚಾಗಿರುವುದನ್ನು. ಪಿ[11] ತಳಿಗಳು ಹೆರಿಗೆ ವಾರ್ಡಿನಲ್ಲೇ ಏಕೆ ಬೀಡುಬಿಡುತ್ತವೆ ಎಂಬುದು ಇದರಿಂದ ತಿಳಿಯುತ್ತದೆ. ಆದರೆ ಕೈ ಒಂದೇ ಆಗಿದ್ದ ಎರಡು ತಳಿಗಳಲ್ಲಿ ಒಂದು ಎಂಟು ವಾರದ ಮಗುವಿನಲ್ಲಿ ನೆಲೆಯೂರಿತು, ಇನ್ನೊಂದು ಅಷ್ಟಾಗಿ ಊರಲಿಲ್ಲ. ಹಾಗಾಗಿ ಅಂಟಿಕೊಂಡ ಮೇಲೆ ಒಳಗೆ ಬೆಳೆಯುವ ಶಕ್ತಿ ಉಳಿದ ತುಂಡುಗಳಿಂದ ಬರುತ್ತದೆ ಎಂದು ನಾವು ಓದುತ್ತೇವೆ: ಹತ್ತು ಮಾನವ ತುಂಡುಗಳ ಬೆನ್ನೆಲುಬು ಗೆದ್ದಿತು, ಒಂಬತ್ತು ದನದ ತುಂಡುಗಳದ್ದು ಸೋತಿತು. ವೆಲ್ಲೂರಿನ ಸಮುದಾಯ ಅಧ್ಯಯನವೂ ಇದರ ಪಕ್ಕದಲ್ಲೇ ಇಟ್ಟು ನೋಡಬೇಕಾದದ್ದು. ಅಲ್ಲಿ ಜಿ10ಪಿ[11] ಹತ್ತಿದ ನವಜಾತ ಶಿಶುಗಳಿಗೆ ಮುಂದಿನ ಸೋಂಕಿನಿಂದ ರಕ್ಷಣೆ ಸಿಗಲಿಲ್ಲ. ನವಜಾತರ ತಳಿ ಎಂದ ಮಾತ್ರಕ್ಕೆ ಲಸಿಕೆಯಾಗುವುದಿಲ್ಲ, ಒಂದೊಂದನ್ನೂ ಪ್ರತ್ಯೇಕವಾಗಿ ಒರೆಗೆ ಹಚ್ಚಲೇಬೇಕು. ಆ ಒರೆಗೆ ಹಚ್ಚಿ ಎರಡರಲ್ಲಿ ಒಂದನ್ನು ಬಿಟ್ಟುಕೊಟ್ಟದ್ದೇ ರೋಟಾವ್ಯಾಕ್‌ನ ಮೇಲೆ ನಮಗೆ ನಂಬಿಕೆ ಹುಟ್ಟಿಸುವ ಮೊದಲ ಸಂಗತಿ.

ಇಂಥ ತಳಿಯನ್ನು ಮಲದಿಂದ ಸೀಸೆಗೆ ತರುವ ದಾರಿಯಲ್ಲಿ ಏನೇನು ಕೆಡಬಹುದು ಎಂಬುದನ್ನೂ ಹೇಳಬೇಕು. ಮಲದ ಮಾದರಿಯನ್ನು ಬಫರ್‌ನಲ್ಲಿ ನೂರಕ್ಕೆ ಹತ್ತರ ಹದದಲ್ಲಿ ಕದಡಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಿಳಿಯನ್ನು ಸೋಸಿ, ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ 37 ಡಿಗ್ರಿಯಲ್ಲಿ ಇಡುತ್ತಾರೆ. ಟ್ರಿಪ್ಸಿನ್ ವಿಪಿ4ನ್ನು ಎರಡಾಗಿ ಕತ್ತರಿಸಿದ ಮೇಲೆಯೇ ವೈರಸ್ ಕೋಶದೊಳಕ್ಕೆ ನುಗ್ಗಬಲ್ಲದು. ಕೋಶ ಬೆಳೆಸಲು ಬಳಸಿದ ಸೀರಂ, ಅಂದರೆ ರಕ್ತದ ತಿಳಿ, ಅಲ್ಲಿ ಸ್ವಲ್ಪ ಉಳಿದಿದ್ದರೂ ಅದು ಟ್ರಿಪ್ಸಿನ್ನನ್ನು ಕಟ್ಟಿಹಾಕುತ್ತದೆ. ವೈರಸ್ ಬೆಳೆಯಲಿಲ್ಲ ಎಂದು ತಳಿಯನ್ನೇ ದೂರುವ ಮುನ್ನ ಕೋಶದ ಹಾಸನ್ನು ಸರಿಯಾಗಿ ತೊಳೆದಿದ್ದರೇ ಎಂದು ನೋಡಬೇಕು. ಮಾನವ ತಳಿಗಳಂತೂ ಮೊದಲ ಒಂದೆರಡು ದಾಟಿನಲ್ಲಿ ಕೋಶಗಳ ಮೇಲೆ ಕಣ್ಣಿಗೆ ಕಾಣುವ ಯಾವ ಗುರುತನ್ನೂ ಬಿಡದಿರಬಹುದು. ಆಗ ಕುರುಡಾಗಿಯೇ ಮುಂದಿನ ಕುಡಿಕೆಗೆ ದಾಟಿಸುತ್ತ ಹೋಗಬೇಕಾಗುತ್ತದೆ.

ಬೆಳೆದ ಮೇಲೆ ಆರ್‌ಎನ್‌ಎ ತೆಗೆದು, ವಿದ್ಯುತ್ ಹರಿಸಿ ಜೆಲ್‌ನಲ್ಲಿ ಓಡಿಸಿ ಗಾತ್ರದಂತೆ ಬೇರ್ಪಡಿಸಿ, ಬೆಳ್ಳಿಯ ಬಣ್ಣ ಹಿಡಿಸಿದರೆ (ಸಿಲ್ವರ್ ಸ್ಟೇನ್) ಹನ್ನೊಂದು ಕಂದು ಗೆರೆಗಳು ಏಳುತ್ತವೆ. ಮೇಲೆ ನಾಲ್ಕು, ಅಂತರ ಬಿಟ್ಟು ಎರಡು, ಆಮೇಲೆ ಒತ್ತೊತ್ತಾಗಿ ಮೂರು, ತಳದಲ್ಲಿ ಎರಡು. ಮಕ್ಕಳಿಗೆ ಹತ್ತುವ 'ಎ' ಗುಂಪಿನ ರೋಟಾವೈರಸ್‌ಗೆ ಈ ನಾಲ್ಕು-ಎರಡು-ಮೂರು-ಎರಡು ವಿನ್ಯಾಸವೇ ಸಹಿ. ಗೆರೆಗಳು ಹನ್ನೆರಡೋ ಹದಿಮೂರೋ ಆದರೆ ಮಾದರಿಯಲ್ಲಿ ಎರಡು ತಳಿ ಬೆರೆತಿವೆ ಎಂದರ್ಥ. ಭಾರತದ ಮಕ್ಕಳಲ್ಲಿ ಬೆರಕೆ ಸೋಂಕು ಅಪರೂಪವಲ್ಲ. ಹಾಗೆಯೇ ಮುಂದುವರಿದರೆ ಕುಡಿಕೆಯಲ್ಲೇ ತುಂಡುಗಳು ಅದಲುಬದಲಾಗಿ, ಕೊನೆಗೆ ಕೈಗೆ ಬರುವುದು ಮಗುವಿನಲ್ಲಿ ಎಂದೂ ಇರದಿದ್ದ ವೈರಸ್. ಅದಕ್ಕೇ ಒಂದೇ ಪ್ಲೇಕಿನಿಂದ ಹೆಕ್ಕಿ ಬೆಳೆಸುವುದನ್ನು ಸಾಮಾನ್ಯವಾಗಿ ಮೂರು ಸಲ ಮಾಡಿ, ಬಂದದ್ದನ್ನು ಮೂಲ ಮಲದಲ್ಲಿದ್ದ ವೈರಸ್ಸಿನೊಡನೆ ತುಂಡು ತುಂಡಾಗಿ ಹೋಲಿಸುತ್ತಾರೆ. ಮಧ್ಯದ ಮೂರು ಗೆರೆಗಳು ತೀರ ಹತ್ತಿರ ಇರುವುದರಿಂದ, ಅವುಗಳಲ್ಲೇ ಇರುವ ವಿಪಿ7ರ ಗೆರೆಯ ಬಗ್ಗೆ ಜೆಲ್ ಒಂದನ್ನೇ ನಂಬಿ ತೀರ್ಮಾನಿಸುವಂತಿಲ್ಲ. ಆರ್‌ಎನ್‌ಎಯ ಪೂರ್ತಿ ಅಕ್ಷರ ಓದಿಯೇ ನೋಡಬೇಕು.

ತಯಾರಿಕೆಗೆ ಬಂದಾಗ ಕೋತಿಯ ಮೂತ್ರಪಿಂಡದಿಂದ ಬಂದ ವೀರೋ ಕೋಶಗಳು ಬೇಕು, ಅವುಗಳ ಬ್ಯಾಂಕ್ ಬೇಕು, ಮೂಲ ಬೀಜ ಮತ್ತು ಕೆಲಸದ ಬೀಜ ಎಂಬ ಎರಡು ಹಂತದ ವೈರಸ್ ದಾಸ್ತಾನು ಬೇಕು. ಇಲ್ಲಿನ ಅಪಾಯ ಹೊರಗಿನಿಂದ ನುಸುಳುವ ಬೇರೆ ವೈರಸ್‌ಗಳದು. 2010ರಲ್ಲಿ ರೋಟಾರಿಕ್ಸ್‌ನಲ್ಲಿ ಹಂದಿಯ ಸರ್ಕೊವೈರಸ್‌ನ ಡಿಎನ್‌ಎ ಪತ್ತೆಯಾಗಿ ಅಮೆರಿಕದಲ್ಲಿ ಬಳಕೆಯನ್ನು ಕೆಲವು ವಾರ ನಿಲ್ಲಿಸಿದ್ದರು. ರೋಟಾಟೆಕ್‌ನಲ್ಲೂ ಅದರ ಚೂರುಗಳು ಸಿಕ್ಕವು. ಹಂದಿಯಿಂದ ತೆಗೆದ ಟ್ರಿಪ್ಸಿನ್ನೇ ಅದರ ದಾರಿ. ಮನುಷ್ಯರಿಗೆ ಅದರಿಂದ ಕಾಯಿಲೆಯಿಲ್ಲವೆಂದು ಎರಡನ್ನೂ ಮುಂದುವರಿಸಿದರು. ಆದರೂ ತಳಿ ಎಷ್ಟೇ ಒಳ್ಳೆಯದಿರಲಿ, ಅದನ್ನು ಬೆಳೆಸಿದ ನೀರು-ಗೊಬ್ಬರವನ್ನೂ ಪರೀಕ್ಷಿಸಬೇಕೆಂದು ಆ ಪ್ರಸಂಗ ಎಲ್ಲ ತಯಾರಕರಿಗೂ ಗಟ್ಟಿಯಾಗಿ ತೋರಿಸಿತು.

ಈಗ ಫಲಿತಾಂಶ. ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಮಕ್ಕಳ ಮೇಲೆ ನಡೆದ ಮೂರನೇ ಹಂತದ ಪ್ರಯೋಗದಲ್ಲಿ ರೋಟಾವ್ಯಾಕ್ ತೀವ್ರ ರೋಟಾವೈರಸ್ ಭೇದಿಯನ್ನು ಶೇ. 53.6ರಷ್ಟು ತಡೆಯಿತು. ಮೊದಲ ವರ್ಷ ಶೇ. 56.4, ಎರಡನೇ ವರ್ಷ ಶೇ. 49ರ ಆಸುಪಾಸು. ಲ್ಯಾಟಿನ್ ಅಮೆರಿಕ ಮತ್ತು ಫಿನ್‌ಲ್ಯಾಂಡಿನಲ್ಲಿ ರೋಟಾರಿಕ್ಸ್‌ಗೆ ಬಂದ ಶೇ. 85ರ ಪಕ್ಕ ಈ ಅಂಕಿ ಬಡವಾಗಿ ಕಾಣುತ್ತದೆ. ಆ ಹೋಲಿಕೆ ನ್ಯಾಯದ್ದಲ್ಲ. ಅದೇ ರೋಟಾರಿಕ್ಸ್ ಮಲಾವಿಯಲ್ಲಿ ಶೇ. 49.4ಕ್ಕೆ ಇಳಿಯಿತು. ಶ್ರೀಮಂತ ದೇಶಗಳಲ್ಲಿ ಶೇ. 98 ತೋರಿದ ರೋಟಾಟೆಕ್ ಬಾಂಗ್ಲಾದೇಶ-ವಿಯೆಟ್ನಾಂನಲ್ಲಿ ಶೇ. 48.3, ಘಾನಾ-ಕೀನ್ಯಾ-ಮಾಲಿಯಲ್ಲಿ ಶೇ. 39.3. ರೋಟಾಸಿಲ್ ಭಾರತದಲ್ಲಿ ಎರಡು ವರ್ಷಕ್ಕೆ ಶೇ. 39.5, ನೈಜರ್‌ನಲ್ಲಿ ಶೇ. 66.7. ಬೇರೆ ಬೇರೆ ಪ್ರಯೋಗಗಳ ಅಂಕಿಗಳನ್ನು ಸಾಲಾಗಿ ನಿಲ್ಲಿಸಿ ಒಂದಕ್ಕೆ ಮೊದಲ ಬಹುಮಾನ ಕೊಡುವುದು ತಪ್ಪು, ಏಕೆಂದರೆ ಮಕ್ಕಳೂ ಬೇರೆ, ತೀವ್ರತೆ ಅಳೆದ ಸಂದರ್ಭವೂ ಬೇರೆ. ಒಂದು ಮಾತು ಮಾತ್ರ ಧೈರ್ಯದಿಂದ ಹೇಳಬಹುದು: ಒಂದೇ ತಳಿಯ ರೋಟಾವ್ಯಾಕ್ ಐದು ಕಸಿಯ ಲಸಿಕೆಗಳಿಗಿಂತ ನಮ್ಮಂಥ ಊರುಗಳಲ್ಲಿ ಹಿಂದೆ ಬಿದ್ದಿಲ್ಲ.

ಜಿ9ಪಿ[11] ಲಸಿಕೆ ಜಿ1ಪಿ[8] ಭೇದಿಯನ್ನು ಹೇಗೆ ತಡೆಯುತ್ತದೆ? ಪ್ರಯೋಗದಲ್ಲಿ ಜಿ1ಪಿ[8], ಜಿ2ಪಿ[4], ಜಿ12ಪಿ[6] ಮುಂತಾದ ಬಗೆಗಳೆಲ್ಲದರ ವಿರುದ್ಧವೂ ರಕ್ಷಣೆ ಕಂಡಿತು. ಕರುಳಿನ ರೋಗನಿರೋಧಕ ಶಕ್ತಿ ಹೊರಪದರದ ಎರಡು ಪ್ರೋಟೀನನ್ನಷ್ಟೇ ನೋಡುವುದಿಲ್ಲ. ಎಲ್ಲ ಬಗೆಗಳಿಗೂ ಸಾಮಾನ್ಯವಾದ ಒಳಪದರದ ವಿಪಿ6 ಸೇರಿ ಇಡೀ ವೈರಸ್ಸನ್ನು ನೆನಪಿಟ್ಟುಕೊಳ್ಳುತ್ತದೆ. ಚೆನ್ನಾಗಿ ಬೆಳೆದ ಒಂದು ವೈರಸ್ ಬೆಳೆಯದ ಐದಕ್ಕಿಂತ ಹೆಚ್ಚು ಕಲಿಸುತ್ತದೆ. ಹಾಗಿದ್ದರೂ ನಮ್ಮ ಮಕ್ಕಳಲ್ಲಿ ಅರ್ಧಕ್ಕೇ ನಿಲ್ಲುವುದೇಕೆ ಎಂದರೆ, ತಾಯಿಯಿಂದ ಬಂದ ಪ್ರತಿಕಾಯ, ಹುಟ್ಟಿನಿಂದಲೇ ಸೋಂಕುಗಳಿಂದ ನವೆದ ಕರುಳು, ಅಪೌಷ್ಟಿಕತೆ ಎಲ್ಲವೂ ಪಾಲುದಾರರು. ಸ್ವಾಭಾವಿಕ ಸೋಂಕಿನ ಕತೆಯೂ ಅಷ್ಟೆ. ಮೆಕ್ಸಿಕೊದ ಮಕ್ಕಳಿಗೆ ಎರಡು ಸೋಂಕಾದರೆ ತೀವ್ರ ಭೇದಿಯಿಂದ ಪೂರ್ತಿ ರಕ್ಷಣೆ ಸಿಕ್ಕಿತ್ತು. ವೆಲ್ಲೂರಿನ ಮಕ್ಕಳಿಗೆ ಮೂರು ಸೋಂಕಾದ ಮೇಲೂ ಸಿಕ್ಕದ್ದು ಶೇ. 79. ಲಸಿಕೆಯ ಹೊತ್ತಿಗೆ ಎದೆಹಾಲು ನಿಲ್ಲಿಸಿ ನೋಡಿದ ಪ್ರಯೋಗಗಳಲ್ಲಿ ಯಾವ ಲಾಭವೂ ಕಾಣಲಿಲ್ಲ. ಹಾಲು ಕುಡಿಸಿಯೇ ಹನಿ ಹಾಕಿಸಿ, ಆಮೇಲೂ ಕುಡಿಸಿ.

ಅರ್ಧ ರಕ್ಷಣೆ ಎಂದು ಯಾರೂ ಕೈಬಿಡಬಾರದು. ಲಸಿಕೆ ಬರುವ ಮೊದಲು ಭಾರತದಲ್ಲಿ ವರ್ಷಕ್ಕೆ ಸುಮಾರು 78,000 ಮಕ್ಕಳು ರೋಟಾವೈರಸ್ಸಿಗೆ ಬಲಿಯಾಗುತ್ತಿದ್ದರು, ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಆಸ್ಪತ್ರೆ ಸೇರುತ್ತಿದ್ದರು ಎಂದು ಅಂದಾಜು. ಅದರಲ್ಲಿ ಅರ್ಧವೆಂದರೆ ಎಷ್ಟು ಮನೆಗಳು ಎಂದು ಲೆಕ್ಕ ಹಾಕಿ. ಈ ಲಸಿಕೆಯನ್ನು ಒಂದು ಡೋಸ್‌ಗೆ ಒಂದು ಡಾಲರ್‌ನಂತೆ ಸರ್ಕಾರಗಳಿಗೆ ಕೊಡುವುದಾಗಿ ಕಂಪನಿ ಮೊದಲೇ ಮಾತು ಕೊಟ್ಟಿದ್ದರಿಂದಲೇ ಅದು ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ಇಳಿಯಲು ಸಾಧ್ಯವಾಯಿತು.

ಇಂಟಸಸೆಪ್ಷನ್ ಬಗ್ಗೆ ತಂದೆತಾಯಿ ಕೇಳುವುದು ಸರಿಯೇ. ರೋಟಾರಿಕ್ಸ್, ರೋಟಾಟೆಕ್‌ಗಳಲ್ಲಿ ಕೆಲವು ದೇಶಗಳಲ್ಲಿ ಲಕ್ಷಕ್ಕೆ ಒಂದರಿಂದ ಐದರಷ್ಟು ಹೆಚ್ಚುವರಿ ಪ್ರಕರಣಗಳು ಕಂಡಿವೆ. ಭಾರತದಲ್ಲಿ ರೋಟಾವ್ಯಾಕ್ ಪರಿಚಯಿಸಿದ ರಾಜ್ಯಗಳ ಆಸ್ಪತ್ರೆಗಳಲ್ಲಿ ನಡೆದ ನಿಗಾ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಡೋಸ್ ಆದ ಮೂರು ವಾರದೊಳಗೆ ಅಪಾಯ ಹೆಚ್ಚಿದ್ದು ಅದರಲ್ಲಿ ಕಾಣಲಿಲ್ಲ. ಹಾಗಿದ್ದೂ ಗುರುತುಗಳು ಗೊತ್ತಿರಲಿ: ಬಿಟ್ಟು ಬಿಟ್ಟು ಚೀರಿ ಅಳುವುದು, ಕಾಲನ್ನು ಹೊಟ್ಟೆಗೆ ಮಡಚಿಕೊಳ್ಳುವುದು, ಹಸಿರು ವಾಂತಿ, ಮಲದಲ್ಲಿ ರಕ್ತ ಮತ್ತು ಲೋಳೆ. ಇಂಥದ್ದು ಕಂಡರೆ ಗಂಟೆ ನೋಡುತ್ತ ಕೂರದೆ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಒಯ್ಯಿರಿ. ಹಿಂದೆ ಒಮ್ಮೆ ಇಂಟಸಸೆಪ್ಷನ್ ಆಗಿದ್ದ ಮಗುವಿಗೂ, ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ತೀರ ಇಲ್ಲದ ಎಸ್‌ಸಿಐಡಿ ಇರುವ ಮಗುವಿಗೂ ಈ ಬಗೆಯ ಯಾವ ಲಸಿಕೆಯೂ ಸಲ್ಲದು.

ರೋಟಾವ್ಯಾಕ್‌ನ ದೊಡ್ಡ ಕೊರತೆ ಚಳಿಯ ಸರಪಳಿ. ಮೂಲ ರೂಪದ ಲಸಿಕೆಯನ್ನು ದೀರ್ಘಕಾಲ ಇಡಲು ಮೈನಸ್ 20 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಬೇಕು. ಪೋಲಿಯೊ ಹನಿಗೆಂದು ಡೀಪ್ ಫ್ರೀಜರ್ ಇರುವ ಜಿಲ್ಲಾ ಉಗ್ರಾಣಕ್ಕೆ ಇದು ಹೊರೆಯಲ್ಲ, ಆದರೆ ಬರೀ ಫ್ರಿಜ್ ಇಟ್ಟುಕೊಂಡ ಚಿಕ್ಕ ಕ್ಲಿನಿಕ್ಕಿಗೆ ತೊಡಕು. 2ರಿಂದ 8 ಡಿಗ್ರಿಯಲ್ಲಿ ಇಡಬಹುದಾದ ರೋಟಾವ್ಯಾಕ್ 5ಡಿ ಆಮೇಲೆ ಬಂದು ಈ ತೊಡಕನ್ನು ಬಹುಮಟ್ಟಿಗೆ ಕಳೆದಿದೆ. ಖಾಸಗಿಯಾಗಿ ಕೊಳ್ಳುವ ಕ್ಲಿನಿಕ್ಕಿಗೆ ನಾವು ಸೂಚಿಸುವುದು ಅದನ್ನೇ. ವಿದ್ಯುತ್ ನೆಚ್ಚಲಾಗದ ಕಡೆ ರೋಟಾಸಿಲ್‌ನ ಪುಡಿರೂಪವೇ ಮೇಲು, ಕೋಣೆಯ ಶಾಖವನ್ನು ತಡೆದುಕೊಳ್ಳುವ ಗುಣ ಅದರದು. ಅದರ ಕಷ್ಟ ಬೇರೆ: ಜೊತೆಗೆ ಬರುವ ದ್ರವದಲ್ಲಿ ಕರಗಿಸಿ, 2.5 ಮಿಲಿಯನ್ನು ಸಿರಿಂಜಿನಲ್ಲಿ ಎಳೆದು, ಕೆನ್ನೆಯ ಒಳಗೆ ನಿಧಾನವಾಗಿ ಹರಿಸಬೇಕು. ಕರಗಿಸಿದ್ದನ್ನು ಆರು ಗಂಟೆಯೊಳಗೆ ಮುಗಿಸಬೇಕು. ಕೈಯಲ್ಲಿ ಸಿರಿಂಜ್ ಇರುವುದರಿಂದ ಗಡಿಬಿಡಿಯಲ್ಲಿ ಚುಚ್ಚುವ ತಪ್ಪಾಗದಂತೆ ಸೂಜಿಯ ಟ್ರೇಯಿಂದ ಅದನ್ನು ದೂರ ಇಡಿ. ರೋಟಾವ್ಯಾಕ್‌ನ ಡ್ರಾಪರ್‌ನಲ್ಲಿ ಈ ಭಯವಿಲ್ಲ.

ಹಾಕುವಾಗ ನೋಡಬೇಕಾದದ್ದು ಹೆಚ್ಚೇನಿಲ್ಲ. ಸೀಸೆ ಪೂರ್ತಿ ಕರಗಿರಲಿ. ಮಂಜಿನ ಚೂರು ತೇಲುತ್ತಿದ್ದರೆ ಹನಿಯ ಅಳತೆ ತಪ್ಪುತ್ತದೆ. ದ್ರವ ನಸುಗೆಂಪಾಗಿರುತ್ತದೆ, ಕೆಲವೊಮ್ಮೆ ಕಿತ್ತಳೆ ಅಥವಾ ಹಳದಿಗೆ ತಿರುಗಿರಬಹುದು. ಬಣ್ಣ ನೋಡಿ ಎಸೆಯಬೇಡಿ, ವಿವಿಎಂ ನೋಡಿ, ಅಂದರೆ ಲಸಿಕೆಗೆ ಶಾಖ ತಗುಲಿದ್ದನ್ನು ತೋರಿಸುವ ಸೀಸೆಯ ಮೇಲಿನ ಗುರುತು. ವೃತ್ತದೊಳಗಿನ ಚೌಕ ಸುತ್ತಲಿನ ಬಣ್ಣಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು. ಅದೇ ಬಣ್ಣಕ್ಕೆ ಬಂದಿದ್ದರೆ ಅಥವಾ ಗಾಢವಾಗಿದ್ದರೆ ಬೇಡ. ಪೋಲಿಯೊ ಹನಿಯೂ ಅದೇ ದಿನ ಇರುತ್ತದೆ, ಆದ್ದರಿಂದ ಎರಡು ಡ್ರಾಪರ್ ಅದಲುಬದಲಾಗದಂತೆ ಬೇರೆ ಬೇರೆ ಕಡೆ ಇಟ್ಟುಕೊಳ್ಳಿ: ಪೋಲಿಯೊಗೆ ಎರಡು ಹನಿ, ಇದಕ್ಕೆ ಐದು. ಮಗು ಬಹುಪಾಲು ಉಗುಳಿದರೆ ಅದೇ ಭೇಟಿಯಲ್ಲಿ ಒಂದು ಬದಲಿ ಡೋಸ್ ಕೊಡಲು ರೋಟಾವ್ಯಾಕ್‌ನ ಕರಪತ್ರದಲ್ಲಿ ಅವಕಾಶವಿದೆ, ರೋಟಾಟೆಕ್‌ನದರಲ್ಲಿ ಇಲ್ಲ.

ವಯಸ್ಸಿನ ವಿಷಯದಲ್ಲಿ ಎರಡು ಲೆಕ್ಕ ಚಾಲ್ತಿಯಲ್ಲಿವೆ. ಸರ್ಕಾರಿ ಕಾರ್ಯಕ್ರಮದಲ್ಲಿ ಮೊದಲ ಡೋಸನ್ನು ಒಂದು ವರ್ಷದೊಳಗೆ ಯಾವಾಗಲಾದರೂ ಶುರು ಮಾಡಬಹುದು. ಖಾಸಗಿ ಮಕ್ಕಳ ವೈದ್ಯರು ಸಾಮಾನ್ಯವಾಗಿ 15 ವಾರ ದಾಟಿದರೆ ಶುರು ಮಾಡುವುದಿಲ್ಲ. ತಡವಾಗಿ ಬಂದ ಮಗುವನ್ನು ಒಂದು ಕಡೆ ಬೇಡವೆಂದು ಕಳಿಸಿದರೆ ಆಶಾ ಕಾರ್ಯಕರ್ತೆಯನ್ನು ಕೇಳಿ ಸರ್ಕಾರಿ ಕೇಂದ್ರಕ್ಕೆ ಕರೆದೊಯ್ಯಿರಿ. ಊರು ಬದಲಾಗಿ, ಮೊದಲ ಡೋಸ್ ರೋಟಾವ್ಯಾಕ್ ಆಗಿದ್ದು ಹೊಸ ಜಾಗದಲ್ಲಿ ರೋಟಾಸಿಲ್ ಮಾತ್ರ ಇದ್ದರೆ ಅದರಲ್ಲೇ ಮುಂದುವರಿಸಬಹುದು, ಒಟ್ಟು ಮೂರು ಡೋಸ್ ಆದರೆ ಸರಿ. ರೋಟಾರಿಕ್ಸ್ ಎರಡೇ ಡೋಸ್ ಎಂಬ ಅನುಕೂಲ, ಎರಡು ಡೋಸೂ ಅದೇ ಆಗಿದ್ದಾಗ ಮಾತ್ರ. ಮೊದಲ ಡೋಸ್ ಹಾಕಿಸಿದ ದಿನವೇ ತಾಯಿ ಕಾರ್ಡಿನಲ್ಲಿ ಲಸಿಕೆಯ ಹೆಸರನ್ನೂ ಬರೆಸಿಕೊಳ್ಳಿ. ಬರೀ 'ರೋಟಾ' ಎಂದು ಬರೆದಿದ್ದರೆ ಹದಿನಾಲ್ಕನೇ ವಾರದ ಡೋಸ್ ಬೇಕೋ ಬೇಡವೋ ಎಂದು ಮುಂದಿನ ನರ್ಸಮ್ಮನಿಗೆ ತಿಳಿಯುವ ದಾರಿಯಿಲ್ಲ.